ಬೆಂಗಳೂರಿಗೆ ಹೊಸದಾಗಿ ಬಂದವರಿಗೆ: ವಾರದ ರಜೆಯಲ್ಲಿ ಎಲ್ಲಿಗೆ, ಯಾವಾಗ, ಹೇಗೆ

ರಾಯಚೂರಿನಿಂದ ಬಂದಿರಲಿ, ಕುಂದಾಪುರದಿಂದ ಬಂದಿರಲಿ, ಹಲವು ವರ್ಷ ಹೊರದೇಶದಲ್ಲಿದ್ದು ಮಕ್ಕಳೊಂದಿಗೆ ಮರಳಿರಲಿ, ಬೆಂಗಳೂರಿನಲ್ಲಿ ಮನೆ ಮಾಡಿದ ಮೊದಲ ವರ್ಷ ನಮ್ಮವರು ಆಡುವ ಮಾತು ಹೆಚ್ಚುಕಡಿಮೆ ಒಂದೇ: ರಜೆಯ ದಿನ ಏನು ಮಾಡಬೇಕೆಂದು ತೋಚುವುದಿಲ್ಲ, ಹೊರಗೆ ಕಾಲಿಟ್ಟರೆ ಟ್ರಾಫಿಕ್ಕು, ಹೋದಲ್ಲೆಲ್ಲ ನೂಕುನುಗ್ಗಲು. 1999ರಲ್ಲಿ ರಾಣೆಬೆನ್ನೂರಿನಿಂದ ಬಂದು ಹನುಮಂತನಗರದಲ್ಲಿ ಬಾಡಿಗೆ ಮನೆ ಹಿಡಿದ ನಾನು ಕೂಡ ಎರಡು ವರ್ಷ ಹೀಗೆಯೇ ಹೇಳಿಕೊಂಡು, ಬಿಡುವು ಸಿಕ್ಕಾಗಲೆಲ್ಲ ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗಿಬಿಡುತ್ತಿದ್ದೆ. ಆಮೇಲೆ ಎರಡು ಸಂಗತಿಗಳು ತಿಳಿದವು. ಇಲ್ಲಿ ಬೆಳಗ್ಗೆ ಬೇಗ ಹೊರಡಬೇಕು. ಯಾವ ತಿಂಗಳು ಯಾವುದರ ಕಾಲ ಎಂಬುದು ಗೊತ್ತಿರಬೇಕು. ಇಷ್ಟು ತಿಳಿದುಕೊಂಡವರಿಗೆ ಬೆಂಗಳೂರು ಬಹಳ ಉದಾರವಾದ ಊರು ಎಂಬುದು ಇಷ್ಟು ವರ್ಷಗಳ ನನ್ನ ಅನುಭವ.

ಭಾನುವಾರ ಬೆಳಗ್ಗೆ ಆರೂವರೆಗೆ ಮನೆ ಬಿಟ್ಟವರಿಗೆ ಸಿಗುವ ಬೆಂಗಳೂರು ಬೇರೆ, ಹತ್ತು ಗಂಟೆಗೆ ಬಿಟ್ಟವರಿಗೆ ಸಿಗುವುದು ಬೇರೆ. ತಿಂಡಿಯ ವಿಷಯದಲ್ಲಂತೂ ಇದು ಅಕ್ಷರಶಃ ನಿಜ. ಗಾಂಧಿ ಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನಕ್ಕೆ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ ಹೋದರೆ ಹೆಚ್ಚು ಕಾಯದೆ ಜಾಗ ಸಿಗುತ್ತದೆ. ತಡವಾಗಿ ಹೋದರೆ ಹೆಸರು ಬರೆಸಿ ಹೊರಗೆ ನಿಲ್ಲಬೇಕಾಗುತ್ತದೆ. ಶುಕ್ರವಾರ ರಜೆಯೆಂಬುದನ್ನು ನೆನಪಿಟ್ಟುಕೊಳ್ಳಿ. ಅಲ್ಲಿ ಪಂಚೆಯುಟ್ಟ ಸರಬರಾಜುದಾರರು ಒಂದೇ ಕೈಯ ಮೇಲೆ ಹತ್ತಕ್ಕೂ ಹೆಚ್ಚು ದೋಸೆಯ ತಟ್ಟೆಗಳನ್ನು ಮೊಣಕೈಯಿಂದ ಬೆರಳಿನ ತುದಿಯವರೆಗೆ ಪೇರಿಸಿಕೊಂಡು ಬಂದು, ಒಂದೊಂದನ್ನೇ ತೆಗೆದು ಮೇಜಿನ ಮೇಲಿಡುವುದನ್ನು ನೋಡುವುದಕ್ಕಾಗಿಯೇ ನನ್ನ ಮಗಳು ಚಿಕ್ಕವಳಿದ್ದಾಗ ಹಟ ಮಾಡಿ ಬರುತ್ತಿದ್ದಳು. ದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ, ತುಪ್ಪದ ಕಂಪು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ; ಅಲ್ಲಿ ಇಡ್ಲಿ, ವಡೆಗೆ ಸಾಂಬಾರು ಕೊಡುವುದಿಲ್ಲ, ಚಟ್ನಿಯೇ ಎಲ್ಲ, ಅದನ್ನು ಕೇಳಿದಷ್ಟು ಬಾರಿ ಸಂತೋಷದಿಂದ ಹಾಕುತ್ತಾರೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಶುರುವಾದದ್ದು 1924ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ಅಲ್ಲಿಯೇ ಎನ್ನುತ್ತಾರೆ. ಮಲ್ಲೇಶ್ವರದ ಕಡೆ ಮನೆಯಿದ್ದರೆ ಬೆಣ್ಣೆ ಮಸಾಲೆಗೆ ಸಿಟಿಆರ್, ಇಡ್ಲಿಗೆ ವೀಣಾ ಸ್ಟೋರ್ಸ್ ಸಾಕು, ದೂರ ಬರಬೇಕಾಗಿಲ್ಲ.

ಹೆಸರಾಂತ ಹೋಟೆಲುಗಳಿಗಿಂತ ಹೆಚ್ಚಾಗಿ ನಿಮ್ಮ ದಿನಗಳನ್ನು ನಡೆಸುವುದು ಬೀದಿಯ ತಿರುವಿನ ದರ್ಶಿನಿ. ಮೊದಲು ಹಣ ಕೊಟ್ಟು ಟೋಕನ್ ಪಡೆದು, ತಿಂಡಿ ಕೊಡುವ ಕಡೆ ಅದನ್ನು ಒಪ್ಪಿಸಿ, ಎತ್ತರದ ಮೇಜಿನ ಬಳಿ ನಿಂತೇ ತಿನ್ನುವ ಈ ಪದ್ಧತಿ ಉತ್ತರ ಕರ್ನಾಟಕದ ನಮಗೆ ಮೊದಲು ಸ್ವಲ್ಪ ಮುಜುಗರವೆನಿಸಿದರೂ ಬೇಗ ಒಗ್ಗಿಹೋಗುತ್ತದೆ. ಹೆಸರುಗಳು ಬದಲಾಗುತ್ತವೆ ಎಂಬುದನ್ನು ಮಾತ್ರ ತಿಳಿದಿರಬೇಕು. ನಮ್ಮ ಸಿರಾ ಇಲ್ಲಿ ಕೇಸರಿಬಾತ್, ಮಸಾಲೆ ಹಾಕಿದ ಉಪ್ಪಿಟ್ಟು ಖಾರಾಬಾತ್, ಎರಡನ್ನೂ ಒಂದೇ ತಟ್ಟೆಯಲ್ಲಿ ಹಾಕಿಸಿಕೊಂಡರೆ ಚೌಚೌಬಾತ್. ಮಿರ್ಚಿಯನ್ನು ಮೆಣಸಿನಕಾಯಿ ಬಜ್ಜಿ ಎಂದೇ ಕೇಳಬೇಕು. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳಲು ಬೈಟು ಎಂದರಾಯಿತು. ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ, ಇಲ್ಲಿ ಎಷ್ಟೋ ಸ್ನೇಹಗಳು ಬೈಟು ಕಾಫಿಯಲ್ಲಿಯೇ ಬೆಳೆದಿವೆ. ಮಾಂಸಾಹಾರಿಗಳು ಮಿಲಿಟರಿ ಹೋಟೆಲ್ ಎಂಬ ಫಲಕ ಹುಡುಕಬೇಕು: ರಾಗಿ ಮುದ್ದೆ, ನಾಟಿಕೋಳಿ ಸಾರು, ಕಾಲು ಸೂಪು, ದೊನ್ನೆ ಬಿರಿಯಾನಿ ಅಲ್ಲಿನ ಜೀವಾಳ. ಮುದ್ದೆಯನ್ನು ಅಗಿಯಬಾರದು, ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು. ರೊಟ್ಟಿಯ ಸೀಮೆಯಿಂದ ಬಂದವರು ಮೊದಲ ದಿನ ಸಣ್ಣ ತುತ್ತಿನಿಂದ ಆರಂಭಿಸುವುದು ಕ್ಷೇಮ. ಊರಿನ ರುಚಿ ಬೇಕೆನಿಸಿದಾಗ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಸಿಗುವ ಖಾನಾವಳಿಗಳು ಈಗ ನಗರದ ಹಲವು ಬಡಾವಣೆಗಳಲ್ಲಿವೆ.

ಓಡಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಡುಪೇಟೆಗೆ ಸ್ವಂತ ವಾಹನ ಒಯ್ಯಬೇಡಿ, ಅಷ್ಟೆ. ಹಸಿರು ಮಾರ್ಗದ ಮೆಟ್ರೊದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿಳಿದರೆ ಬಸವನಗುಡಿ, ಅಲ್ಲಿಂದ ಮುಂದೆ ಲಾಲ್‌ಬಾಗ್; ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕು; ಎರಡೂ ಸೇರುವುದು ಮೆಜೆಸ್ಟಿಕ್ಕಿನಲ್ಲಿ. 2025ರ ಆಗಸ್ಟಿನಿಂದ ಹಳದಿ ಮಾರ್ಗವೂ ಆರಂಭವಾಗಿರುವುದರಿಂದ ಎಲೆಕ್ಟ್ರಾನಿಕ್ ಸಿಟಿಯ ಕಡೆಯವರು ಆರ್‌.ವಿ. ರಸ್ತೆಯಲ್ಲಿ ಬದಲಾಯಿಸಿ ಬರಬಹುದು. ರಾಜ್ಯದ ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹಣ ಕೊಡಬೇಕಾಗಿಲ್ಲ. ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟನ್ನು ಕೇಳಿ ಪಡೆದುಕೊಳ್ಳಿ.

ಲಾಲ್‌ಬಾಗ್ ಎಂದರೆ ಫಲಪುಷ್ಪ ಪ್ರದರ್ಶನ ಎಂದು ಹಲವರ ಭಾವನೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಗಾಜಿನ ಮನೆಯಲ್ಲಿ ನಡೆಯುವ ಆ ಪ್ರದರ್ಶನ ಒಮ್ಮೆ ನೋಡಬೇಕಾದದ್ದೇ, ಆದರೆ ರಜೆಯ ದಿನ ಮಧ್ಯಾಹ್ನ ಹೋದರೆ ಹೂವಿಗಿಂತ ತಲೆಗಳೇ ಹೆಚ್ಚು ಕಾಣುತ್ತವೆ. 1760ರಲ್ಲಿ ಹೈದರಾಲಿ ಆರಂಭಿಸಿದ, ಈಗ 240 ಎಕರೆ ವಿಸ್ತಾರವಿರುವ ಈ ತೋಟದ ನಿಜವಾದ ಸುಖ ಪ್ರದರ್ಶನವಿಲ್ಲದ ವಾರದ ಬೆಳಗಿನಲ್ಲಿದೆ. ಅಲ್ಲಿರುವ ಬಂಡೆಯ ಮೇಲೆ, ಕೆಂಪೇಗೌಡರ ಗೋಪುರದ ಪಕ್ಕ ಕುಳಿತು ನೋಡಿ. ನೀವು ಕುಳಿತಿರುವ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸಾಗಿದ್ದು, ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾಗಿದೆ. ಕಬ್ಬನ್ ಪಾರ್ಕಿನೊಳಗೆ ಭಾನುವಾರ ವಾಹನ ಸಂಚಾರವಿರುವುದಿಲ್ಲವಾದ್ದರಿಂದ ಮಕ್ಕಳಿಗೆ ಸೈಕಲ್ ಕಲಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಶನಿವಾರಗಳಲ್ಲಿ ಮರಗಳ ಕೆಳಗೆ ಚಾಪೆ ಹಾಸಿ ಮೌನವಾಗಿ ಪುಸ್ತಕ ಓದುವವರ ಗುಂಪನ್ನೂ ಅಲ್ಲಿ ಕಾಣಬಹುದು, ಯಾರು ಬೇಕಾದರೂ ಹೋಗಿ ಕೂರಬಹುದು, ಕನ್ನಡ ಪುಸ್ತಕ ಹಿಡಿದು ಕೂತರೆ ಇನ್ನೂ ಸಂತೋಷ. ನಿಮ್ಮ ಮನೆಯ ಹತ್ತಿರದ ಕೆರೆ ಯಾವುದೆಂದು ಕೇಳಿ ತಿಳಿದುಕೊಳ್ಳಿ. ಜಕ್ಕೂರು, ಕೈಕೊಂಡ್ರಹಳ್ಳಿ, ಸ್ಯಾಂಕಿ, ಅಗರ, ಪುಟ್ಟೇನಹಳ್ಳಿ ಮೊದಲಾದ ಕೆರೆಗಳ ಏರಿಯ ಮೇಲೆ ಬೆಳಗ್ಗೆ ನಡೆಯುವುದೇ ಒಂದು ರಜೆ.

ಬೆಟ್ಟಗಳ ವಿಚಾರದಲ್ಲಿ ಸ್ವಲ್ಪ ಎಚ್ಚರಿಕೆ ಅಗತ್ಯ. ಹೊಸಬರೆಲ್ಲರೂ ಮೊದಲು ಹೊರಡುವುದು ನಗರದಿಂದ ಸುಮಾರು 60 ಕಿಲೋಮೀಟರ್ ದೂರದ, 1478 ಮೀಟರ್ ಎತ್ತರದ ನಂದಿ ಬೆಟ್ಟಕ್ಕೆ, ಅದೂ ಭಾನುವಾರದ ಸೂರ್ಯೋದಯಕ್ಕೆ. ಎಲ್ಲರೂ ಹಾಗೆಯೇ ಹೊರಡುವುದರಿಂದ ಬುಡದಲ್ಲಿಯೇ ವಾಹನಗಳ ಸಾಲು ನಿಂತು ಸೂರ್ಯ ಮೇಲೇರಿಬಿಡುತ್ತಾನೆ. ವಾರದ ಮಧ್ಯೆ ಒಂದು ದಿನ ರಜೆ ಹಾಕಿ ಹೋಗುವುದು ಮೇಲು. ಭಾನುವಾರವೇ ಅನಿವಾರ್ಯವಾದರೆ ಬುಡದಲ್ಲಿರುವ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನವನ್ನು ನೋಡಿ ಬನ್ನಿ. ಒಂಬತ್ತನೆಯ ಶತಮಾನದಷ್ಟು ಹಳೆಯ ಆ ಗುಡಿಯ ಕಂಬಗಳನ್ನೂ ಮೆಟ್ಟಿಲುಗಳ ಕಲ್ಯಾಣಿಯನ್ನೂ ನೋಡುತ್ತ ಅರ್ಧ ದಿನ ಕಳೆಯಬಹುದು. ನನಗೆ ಹೆಚ್ಚು ಪ್ರೀತಿಯದು ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆಯ ಬಳಿಯ ಶಿವಗಂಗೆ. ಅಭಿಷೇಕದ ತುಪ್ಪ ಬೆಣ್ಣೆಯಾಗುತ್ತದೆಂಬ ನಂಬಿಕೆಯ ಗಂಗಾಧರೇಶ್ವರ, ಬಂಡೆಯ ಬಿಲದೊಳಗೆ ಕೈಯಿಟ್ಟು ನೀರನ್ನು ತಡವುವ ಒಳಕಲ್ಲು ತೀರ್ಥ, ತುದಿಯ ಕಡಿದಾದ ಬಂಡೆಯ ಮೇಲಿನ ಬಸವ ಒಂದೊಂದೂ ಹತ್ತುವ ಆಯಾಸವನ್ನು ಮರೆಸುತ್ತವೆ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ತೀರಿಕೊಂಡದ್ದು ಈ ಬೆಟ್ಟದಲ್ಲಿ ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಕೋತಿಗಳ ಕಾಟವಿರುವುದರಿಂದ ತಿಂಡಿಯ ಚೀಲವನ್ನು ಕೈಯಲ್ಲಿ ಹಿಡಿಯಬೇಡಿ.

ಅರಣ್ಯ ಇಲಾಖೆಗೆ ಸೇರಿದ ಚಾರಣದ ಹಾದಿಗಳಿಗೆ ಮುಂಚಿತ ಅನುಮತಿ ಬೇಕು, ಅದನ್ನು ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಪಡೆಯಬಹುದು. ಹಲವು ವರ್ಷಗಳ ಹಿಂದೆ ಚಿಕ್ಕಬಳ್ಳಾಪುರದ ಕಡೆಯ ಬೆಟ್ಟವೊಂದಕ್ಕೆ ರಾತ್ರಿ ಚಾರಣವೆಂದು ಒಬ್ಬ ಆಯೋಜಕರಿಗೆ ಹಣ ಕಟ್ಟಿ ಹೋದ ನಮ್ಮನ್ನು, ಅವರು ಅನುಮತಿಯನ್ನೇ ಪಡೆದಿರಲಿಲ್ಲವಾಗಿ, ಅರಣ್ಯ ಸಿಬ್ಬಂದಿ ಬುಡದಿಂದಲೇ ವಾಪಸು ಕಳಿಸಿದರು. ಮಕ್ಕಳನ್ನು ಕರೆದುಕೊಂಡು ಬೆಳಗಾಗುವವರೆಗೆ ಹೆದ್ದಾರಿಯ ಬದಿಯ ಚಹಾದಂಗಡಿಯಲ್ಲಿ ಕೂರಬೇಕಾಯಿತು. ಯಾರ ಜೊತೆ ಹೋದರೂ ಅನುಮತಿಯ ಚೀಟಿಯನ್ನು ಹೊರಡುವ ಮೊದಲೇ ಕಣ್ಣಾರೆ ನೋಡಿ. ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಮಂಗಳವಾರ ರಜೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಗೇಟಿನ ತನಕ ಹೋಗಿ ಮರಳಿದ ಸಂಸಾರಗಳನ್ನು ಕಂಡಿದ್ದೇನೆ.

ಇನ್ನು ತಿಂಗಳುಗಳ ಲೆಕ್ಕ. ಜನವರಿ ಬಂತೆಂದರೆ ಅವರೆಕಾಯಿ. ಚಳಿಗಾಲದ ಇಬ್ಬನಿ ಕುಡಿದು ಬೆಳೆದ ಕಾಯಿಗೆ ಮಾತ್ರ ಬರುವ ಜಿಗುಟು ಪರಿಮಳವನ್ನು ಇಲ್ಲಿಯವರು ಸೊಗಡು ಎನ್ನುತ್ತಾರೆ. ಕಾಯಿಯನ್ನು ಹಿಡಿದರೆ ಬೆರಳಿಗೆ ಎಣ್ಣೆಯಂಥ ಅಂಟು ಹತ್ತಬೇಕು, ಮೂಗಿಗೆ ಘಮ್ಮೆನ್ನಬೇಕು. ಆಗ ಚೌಕಾಸಿಯಿಲ್ಲದೆ ಕೊಳ್ಳಿ. ಕಾಳನ್ನು ರಾತ್ರಿ ನೆನೆಸಿ ಬೆಳಗ್ಗೆ ಸಿಪ್ಪೆಯಿಂದ ಹಿಸುಕಿ ತೆಗೆದ ಹಿದಕಿದ ಬೇಳೆಯ ಸಾರು ಬೆಂಗಳೂರು, ಕೋಲಾರದ ಮನೆಗಳ ಹೆಮ್ಮೆ. ವಿ.ವಿ. ಪುರದಲ್ಲಿ ಹುಟ್ಟಿದ ಅವರೆಬೇಳೆ ಮೇಳದಲ್ಲಿ ದೋಸೆಯಿಂದ ಜಿಲೇಬಿಯವರೆಗೆ ಅವರೆಯದೇ ರಾಜ್ಯಭಾರ. ಅದೇ ತಿಂಗಳಲ್ಲಿ ಕುಮಾರಕೃಪಾ ರಸ್ತೆಯುದ್ದಕ್ಕೂ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದೆ. ಕಲಾವಿದರೇ ಪಕ್ಕದಲ್ಲಿ ಕುಳಿತಿರುವುದರಿಂದ ಕೊಳ್ಳದಿದ್ದರೂ ಮಾತನಾಡಿಸಿ ಬನ್ನಿ. ಚೈತ್ರದಲ್ಲಿ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದ ರಾಮನವಮಿ ಸಂಗೀತೋತ್ಸವವಿರುತ್ತದೆ, ಅದೇ ಮಾಸದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುತ್ತದೆ. ಮಲ್ಲಿಗೆಯ ಕರಗವು ಕತ್ತಿ ಹಿಡಿದ ವೀರಕುಮಾರರ ನಡುವೆ ಹಳೆಯ ಪೇಟೆಯ ಓಣಿಗಳಲ್ಲಿ ಸಾಗಿ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುವುದನ್ನು ನಿದ್ದೆಗೆಟ್ಟಾದರೂ ಒಮ್ಮೆ ನೋಡಬೇಕು. ಕರಾವಳಿಯವರಿಗೆ ಒಂದು ಸಿಹಿಸುದ್ದಿಯಿದೆ: ಊರಿನಲ್ಲಿ ಮೇಳಗಳ ತಿರುಗಾಟ ಮುಗಿದ ಮಳೆಗಾಲದಲ್ಲಿ ಯಕ್ಷಗಾನ ಇಲ್ಲಿನ ರವೀಂದ್ರ ಕಲಾಕ್ಷೇತ್ರಕ್ಕೆ ಬರುತ್ತದೆ, ಎಷ್ಟೋ ಸಲ ರಾತ್ರಿಯಿಡೀ. ನಾಟಕಕ್ಕೆ ಜೆ.ಪಿ. ನಗರದ ರಂಗಶಂಕರವಿದೆ. ಶಂಕರ್‌ನಾಗ್ ನೆನಪಿನಲ್ಲಿ 2004ರಲ್ಲಿ ತೆರೆದ ಈ ರಂಗಮಂದಿರದಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ, ಆದ್ದರಿಂದ ಮುಂಚೆಯೇ ಹೋಗಿ ಅಲ್ಲಿನ ಉಪಾಹಾರ ಗೃಹದಲ್ಲಿ ಅಕ್ಕಿರೊಟ್ಟಿ ತಿಂದು ಕಾಯುವುದು ನಮ್ಮ ಮನೆಯ ರೂಢಿ.

ವರ್ಷಕ್ಕೆ ಒಂದೇ ಒಂದು ಸಲ ಹೊರಗೆ ಬರುತ್ತೇವೆ, ಯಾವುದಕ್ಕೆ ಬರಲಿ ಎಂದು ಕೇಳುವವರಿಗೆ ನನ್ನ ಉತ್ತರ ಬಸವನಗುಡಿಯ ಕಡಲೆಕಾಯಿ ಪರಿಷೆ. ನಮ್ಮ ಕಡೆ ಕಡಲೆ ಎಂದರೆ ಬೇರೆ ಕಾಳು. ಇಲ್ಲಿ ಶೇಂಗಾಕ್ಕೆ ಕಡಲೆಕಾಯಿ ಎನ್ನುತ್ತಾರೆಂದು ನಾನು ತಿಳಿದದ್ದೇ ಪಕ್ಕದ ಮನೆಯ ಅಜ್ಜಿ ಕೈಹಿಡಿದು ಅಲ್ಲಿಗೆ ಕರೆದೊಯ್ದ ದಿನ. ಸುತ್ತಲಿನ ಹಳ್ಳಿಗಳ ರೈತರ ಹೊಲಕ್ಕೆ ಬಸವವೊಂದು ನುಗ್ಗಿ ಕಾಯಿಯನ್ನು ತಿಂದುಹಾಕುತ್ತಿತ್ತೆಂದೂ, ಅದನ್ನು ಒಲಿಸಿಕೊಳ್ಳಲು ಮೊದಲ ಬೆಳೆಯನ್ನು ಅರ್ಪಿಸುವ ಪದ್ಧತಿ ಬಂತೆಂದೂ ಪ್ರತೀತಿ. ಕಾರ್ತಿಕ ಮಾಸದ ಕಡೆಯ ಸೋಮವಾರ ಪರಿಷೆಯ ದಿನವಾದರೂ ಅದಕ್ಕೆ ಮೊದಲಿನ ಶನಿವಾರ, ಭಾನುವಾರದ ಹೊತ್ತಿಗೇ ದೊಡ್ಡಬಸವಣ್ಣನ ಗುಡಿಯ ರಸ್ತೆಯ ಎರಡೂ ಬದಿಯಲ್ಲಿ ಕಾಯಿಯ ರಾಶಿಗಳು ಬಿದ್ದಿರುತ್ತವೆ. ಚಿಂತಾಮಣಿ, ಕೋಲಾರ, ಮಾಗಡಿಯಿಂದಲೂ ಆಂಧ್ರ, ತಮಿಳುನಾಡಿನಿಂದಲೂ ಬಂದವರು ರಾಶಿಯ ಪಕ್ಕದಲ್ಲಿಯೇ ಮಲಗಿ ಏಳುತ್ತಾರೆ. ಹಸಿಯದು, ಹುರಿದದ್ದು, ಬೇಯಿಸಿದ್ದು ಎಲ್ಲವೂ ಇದೆ, ಸೇರಿನಲ್ಲಿ ಅಳೆಯುತ್ತಾರೆ. ಅಂದು ಅಜ್ಜಿ ಒಂದು ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಡೆದು ಬೀಜ ಬಾಯಿಗೆ ಹಾಕಿಕೊಂಡು, ಆಮೇಲೆ ಸೇರನ್ನು ಶಿಖೆಯೇರುವಂತೆ ತುಂಬಿಸಿ, "ಕೊಸರು ಹಾಕಮ್ಮ" ಎಂದು ಸೆರಗೊಡ್ಡಿದರು. ಮಾರುವ ಹೆಂಗಸು ನಕ್ಕು ಎರಡು ಬೊಗಸೆ ಹಾಕಿದಳು, ಒಂದು ಅಜ್ಜಿಗೆ, ಒಂದು ಹೊಸಬಳಾದ ನನಗೆ.

ಸೋಮವಾರ ಸಂಜೆಯ ನೂಕುನುಗ್ಗಲು ಚಿಕ್ಕ ಮಕ್ಕಳಿಗೆ ಹಿಡಿಸುವುದಿಲ್ಲ, ಆದ್ದರಿಂದ ಭಾನುವಾರ ಬೆಳಗ್ಗೆ ಏಳರ ಒಳಗೆ ಹೋಗಿ ಮೊದಲು ದೊಡ್ಡಗಣಪತಿಗೆ, ಏಕಶಿಲೆಯ ಬಸವಣ್ಣನಿಗೆ ಕೈಮುಗಿದು, ಬಿಸಿಲೇರುವ ಮೊದಲು ಖರೀದಿ ಮುಗಿಸಿ. ಬಟ್ಟೆಯ ಚೀಲ ಎರಡು ಇರಲಿ, ಹಸಿಕಾಯಿಗೊಂದು, ಹುರಿದದ್ದಕ್ಕೊಂದು. ಹಸಿಕಾಯಿಯನ್ನು ಕಟ್ಟಿಟ್ಟರೆ ಬೂಸಲು ಹಿಡಿಯುತ್ತದೆ. ಮನೆಗೆ ಬಂದವರೇ ಮಣ್ಣು ತೊಳೆದು, ಕಲ್ಲುಪ್ಪು ಹಾಕಿದ ನೀರಿನಲ್ಲಿ ಅಂದೇ ಬೇಯಿಸಿ, ಅಕ್ಕಪಕ್ಕದ ಮನೆಗೂ ಒಂದೊಂದು ಬಟ್ಟಲು ಕೊಟ್ಟು ಬನ್ನಿ.