ನನ್ನ ತೂಕಕ್ಕೆ ಬೇಕಿದ್ದ ಸ್ಪ್ರಿಂಗ್

ನನ್ನ ತೂಕ 108 ಕೆಜಿ. ಜೋರಾಗಿ ಬ್ರೇಕ್ ಹಿಡಿದರೆ ಬೈಕಿನ ಮುಂಭಾಗ ದಡಕ್ಕನೆ ಕುಸಿಯುತ್ತಿತ್ತು. ಗುಂಡಿಗೆ ಇಳಿದರೆ ಹ್ಯಾಂಡಲ್‌ವರೆಗೂ 'ಟಣ್' ಅಂತ ಏಟು. ಮುಂದಿನ ಚಕ್ರವನ್ನು ಹಿಡಿದಿರುವ, ಒಳಗೆ ಸ್ಪ್ರಿಂಗ್ ಮತ್ತು ಆಯಿಲ್ ಇರುವ ಎರಡು ಕಾಲುಗಳೇ ಫೋರ್ಕ್. ಕೊನೆಗೆ ಒಂದು ದಿನ ಬಲಗಡೆ ಫೋರ್ಕ್ ಪೈಪಿನ ಮೇಲೆ ಆಯಿಲ್ ಬಳೆ ಕಂಡಿತು. ಆಯಿಲ್ ಸೋರದಂತೆ ತಡೆಯುವ ಸೀಲ್ ಹೋಗಿತ್ತು. ಇದನ್ನು ಮುಂದಕ್ಕೆ ಹಾಕುವ ಹಾಗಿಲ್ಲ. ಆಯಿಲ್ ಕೆಳಗೆ ಇಳಿದು ಡಿಸ್ಕ್‌ಗೆ, ಪ್ಯಾಡ್‌ಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ಸೀಲ್ ಹಾಕುವಾಗ 10W ಬದಲು 20W ಆಯಿಲ್ ತುಂಬಿದೆ (ಅಂಕಿ ಹೆಚ್ಚಿದಷ್ಟೂ ಆಯಿಲ್ ಗಟ್ಟಿ). ಗಟ್ಟಿ ಆಯಿಲ್ ಹಾಕಿದರೆ ಫೋರ್ಕ್ ಗಟ್ಟಿಯಾಗುತ್ತದೆ ಅಂತ ನಂಬಿದ್ದೆ. ತಪ್ಪು ನಂಬಿಕೆ. ಆಯಿಲ್ ಭಾರ ಹೊರುವುದಿಲ್ಲ, ಫೋರ್ಕ್ ಎಷ್ಟು ಬೇಗ ಚಲಿಸಬೇಕು ಅನ್ನುವುದನ್ನಷ್ಟೇ ತಡೆದು ಹಿಡಿಯುತ್ತದೆ. ನಾನು ಕೂತರೆ ಮೊದಲಿನಷ್ಟೇ ಕುಸಿತ, ಜೊತೆಗೆ ಸಣ್ಣ ಕಲ್ಲು ಹತ್ತಿದರೂ ಮಣಿಕಟ್ಟು ನೋಯುವಷ್ಟು ಬಿಗಿ.

ಆಮೇಲೆ ಅಳತೆಗೆ ಕೂತೆ. ಇದನ್ನೇ ಮೊದಲು ಮಾಡಬೇಕಿತ್ತು. ಫೋರ್ಕ್ ಎಷ್ಟು ಇಳಿಯಿತು ಅಂತ ಗುರುತು ಸಿಗಲು ಪೈಪಿಗೆ ಒಂದು ಜಿಪ್ ಟೈ ಕಟ್ಟಿ, ಮುಂದಿನ ಚಕ್ರ ಎತ್ತಿದಾಗ, ಬೈಕ್ ತನ್ನಷ್ಟಕ್ಕೆ ನಿಂತಾಗ, ನಾನು ಕೂತಾಗ, ಹೀಗೆ ಮೂರು ಸಲ ಅಳೆದೆ. ಫೋರ್ಕಿನ ಒಟ್ಟು ಚಲನೆ 130 ಮಿ.ಮೀ. ಬೈಕಿನ ಭಾರಕ್ಕೇ 30 ಇಳಿಯುತ್ತಿತ್ತು, ನಾನು ಕೂತರೆ 62. ಹೆಚ್ಚುಕಡಿಮೆ ಅರ್ಧ ಚಲನೆ ಸುಮ್ನೆ ಕೂತಿದ್ದಕ್ಕೇ ಖರ್ಚು! ರಸ್ತೆಯಲ್ಲಿ ಓಡಿಸುವ ಬೈಕಿಗೆ ಮೂರನೇ ಒಂದು ಭಾಗದ ಆಸುಪಾಸು ಇದ್ದರೆ ಸರಿ.

ಸ್ಪ್ರಿಂಗ್ ಮೇಲೆ 20 ಮಿ.ಮೀ. ಉದ್ದದ ಪಿವಿಸಿ ಪೈಪ್ ತುಂಡು ಇಟ್ಟೆ. 62 ಇದ್ದದ್ದು 42 ಆಯಿತು. ಖುಷಿಪಟ್ಟೆ. ಆದರೆ ಬೈಕಿನ ಭಾರಕ್ಕೆ ಇಳಿಯುತ್ತಿದ್ದ 30 ಈಗ ಬರೀ 10. ಲೆಕ್ಕ ನೋಡಿ: ನಾನು ಕೂತಿದ್ದಕ್ಕೆ ಇಳಿದದ್ದು ಮೊದಲೂ 32, ಈಗಲೂ 32. ಸ್ಪ್ರಿಂಗ್ ಚೂರೂ ಗಟ್ಟಿಯಾಗಿರಲಿಲ್ಲ, ಬೈಕ್ ಎತ್ತರಕ್ಕೆ ನಿಂತಿತ್ತು ಅಷ್ಟೇ. ಉಬ್ಬು ದಾಟಿದ ಮೇಲೆ ಫೋರ್ಕ್ ಪೂರ್ತಿ ಚಾಚಿ ಮೇಲೂ ಬಡಿಯಲು ಶುರುವಾಯಿತು.

ಹಾಗಾಗಿ ಗಟ್ಟಿ ಸ್ಪ್ರಿಂಗ್ ತರಿಸಿದೆ. ಒಂದು ಮಿಲಿಮೀಟರ್ ಒತ್ತಲು ಹಳೆಯದಕ್ಕೆ 0.6 ಕೆಜಿ ಭಾರ ಬೇಕು, ಹೊಸದಕ್ಕೆ 0.75.

ಬಿಚ್ಚುವಾಗ ಎರಡು ವಿಷಯ ನೆನಪಿರಲಿ. ಫೋರ್ಕನ್ನು ಬೈಕಿನಿಂದ ಕಳಚುವ ಮೊದಲೇ ಪೈಪನ್ನು ಹಿಡಿದಿರುವ ಮೇಲಿನ ಕ್ಲಾಂಪ್ ಬೋಲ್ಟ್ ಸಡಿಲಿಸಿ, ಪೈಪಿನ ಮೇಲಿನ ಮುಚ್ಚಳವನ್ನು ಸ್ವಲ್ಪ ತಿರುಗಿಸಿಡಿ. ಕಳಚಿದ ಮೇಲೆ ಹಿಡಿದು ತಿರುಗಿಸಲು ಆಗುವುದಿಲ್ಲ. ಅಡಿಯ ಅಲೆನ್ ಬೋಲ್ಟನ್ನೂ ಸ್ಪ್ರಿಂಗ್ ಒಳಗಿದ್ದಾಗಲೇ ಸಡಿಲಿಸಿ. ಸ್ಪ್ರಿಂಗ್ ಒತ್ತದಿದ್ದರೆ ಒಳಗಿನ ರಾಡ್ ಬೋಲ್ಟ್ ಜೊತೆಗೇ ಸುತ್ತುತ್ತದೆ. ಕೊನೆಯ ಎಳೆಯಲ್ಲಿ ಮುಚ್ಚಳ ಹಾರಬಹುದು, ಮುಖ ದೂರ ಇಟ್ಟು ಅಂಗೈಯಿಂದ ಒತ್ತಿ ಹಿಡಿಯಿರಿ.

ಪೈಪನ್ನು ಉಗುರಿನಿಂದ ಸವರಿ ನೋಡಿದೆ. ತುಕ್ಕಿನ ಚುಕ್ಕೆಯೊಂದು ಉಗುರಿಗೆ ಸಿಕ್ಕಿತು, ಮೊದಲ ಸೀಲ್ ಹರಿದದ್ದು ಅದರಿಂದಲೇ. ಬಹಳ ನಯವಾದ ಮರಳು ಕಾಗದದಿಂದ ಅದರ ಅಂಚನ್ನಷ್ಟೇ ಸಮ ಮಾಡಿದೆ. ಹೊಸ ಸೀಲ್ ಇಳಿಸುವಾಗ ಪೈಪಿನ ತುದಿಗೆ ಆಯಿಲ್ ಸವರಿದ ಪ್ಲಾಸ್ಟಿಕ್ ಚೀಲ ಸುತ್ತಿದೆ. ಇಲ್ಲದಿದ್ದರೆ ಪೈಪಿನ ತುದಿಯ ಚೂಪು ಅಂಚೇ ಸೀಲಿನ ತುಟಿ ಕತ್ತರಿಸುತ್ತದೆ.

ಆಯಿಲ್ ಈ ಸಲ 15W. ಗಟ್ಟಿ ಸ್ಪ್ರಿಂಗ್ ಜೋರಾಗಿ ವಾಪಸ್ ಚಿಮ್ಮುತ್ತದೆ, ಅದಕ್ಕೆ ತುಸು ಜಾಸ್ತಿ ತಡೆ ಬೇಕು. ಆಯಿಲನ್ನು ಮಿಲಿಲೀಟರ್ ಲೆಕ್ಕದಲ್ಲಿ ಬಿಡಲಿಲ್ಲ. ಸ್ಪ್ರಿಂಗ್ ಹೊರಗಿಟ್ಟು, ಫೋರ್ಕ್ ಪೂರ್ತಿ ಒತ್ತಿ, ಗಾಳಿ ಹೋಗುವವರೆಗೆ ಮೇಲೆ ಕೆಳಗೆ ಆಡಿಸಿ, ಪೈಪಿನ ಬಾಯಿಯಿಂದ ಆಯಿಲ್‌ವರೆಗೆ ಎಷ್ಟು ಖಾಲಿ ಅಂತ ಅಳೆದೆ. ಮ್ಯಾನುಯಲ್ ಹೇಳುವುದು 140 ಮಿ.ಮೀ., ನಾನು 130 ಇಟ್ಟೆ. ಆ ಖಾಲಿ ಜಾಗದ ಗಾಳಿಯೂ ಕೊನೆಯಲ್ಲಿ ಸ್ಪ್ರಿಂಗ್ ಥರ ಒತ್ತುತ್ತದೆ. ತೀರಾ ಕಮ್ಮಿ ಬಿಟ್ಟರೆ ಒತ್ತಡಕ್ಕೆ ಸೀಲೇ ಹೋಗುತ್ತದೆ. ಎರಡೂ ಕಾಲಿಗೆ ಒಂದೇ ಅಳತೆ ಇರಲೇಬೇಕು.

ಚಕ್ರ ಕೂರಿಸಿ ಆಕ್ಸಲ್ ಬಿಗಿ ಮಾಡಿದೆ. ಆಕ್ಸಲನ್ನು ಫೋರ್ಕ್ ಕಾಲಿಗೆ ಬಿಗಿಯಾಗಿ ಹಿಡಿಯುವ ಪಿಂಚ್ ಬೋಲ್ಟ್ ಮಾತ್ರ ಸಡಿಲ ಬಿಟ್ಟು, ಮುಂಭಾಗವನ್ನು ನಾಲ್ಕೈದು ಸಲ ಒತ್ತಿದೆ. ಕಾಲುಗಳು ತಮ್ಮ ಜಾಗಕ್ಕೆ ಬಂದ ಮೇಲೆ ಅದನ್ನೂ ಬಿಗಿದೆ.

ಪಿವಿಸಿ ತುಂಡನ್ನು ಎರಡು ಸಲ ಕತ್ತರಿಸಿದ ಮೇಲೆ ಬೈಕಿಗೆ 18, ನನ್ನನ್ನೂ ಸೇರಿಸಿ 44 ಬಂತು. ಅಂದರೆ ನನ್ನ ಪಾಲು 32ರಿಂದ 26ಕ್ಕೆ ಇಳಿದಿದೆ. ಜಿಪ್ ಟೈ ಇನ್ನೂ ಪೈಪಿನ ಮೇಲೇ ಇದೆ. ನಿನ್ನೆ ಗಟ್ಟಿಯಾಗಿ ಬ್ರೇಕ್ ಹಿಡಿದು ನಿಲ್ಲಿಸಿ ನೋಡಿದೆ, ಇನ್ನೂ 15 ಮಿ.ಮೀ. ಚಲನೆ ಉಳಿದಿತ್ತು.