ರೆಡ್ ಆಕ್ಸೈಡ್ ನೆಲ: ಹಾಕಿಸುವ ಕ್ರಮ ಮತ್ತು ಆರೈಕೆ

ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿಯೂ ಮೈಸೂರಿನ ಹಂಚಿನ ಮನೆಗಳಲ್ಲಿಯೂ ಕಾಲಿಗೆ ತಣ್ಣಗೆ ತಾಗುವ ಕೆಂಪು ನೆಲವನ್ನು ಕಂಡವರು ತಮ್ಮ ಹೊಸ ಮನೆಗೂ ಅಂಥದೇ ಬೇಕೆಂದು ಬಯಸುವುದು ಸಹಜ. ಆದರೆ ಇದು ಟೈಲ್ಸ್‌ನಂತೆ ಕಾರ್ಖಾನೆಯಿಂದ ಸಿದ್ಧವಾಗಿ ಬರುವ ವಸ್ತುವಲ್ಲ. ಸಿಮೆಂಟು, ಮರಳು, ಕಬ್ಬಿಣದ ಆಕ್ಸೈಡಿನ ಪುಡಿ ಮತ್ತು ನೀರು ಗಾರೆಯವರ ಕರಣೆಯ ಕೆಳಗೆ ಕೆಲವೇ ಗಂಟೆಗಳಲ್ಲಿ ನೆಲವಾಗಬೇಕು. ಆ ಹೊತ್ತು ತಪ್ಪಿದರೆ ಮರುದಿನ ತಿದ್ದಲಾಗದು. ಆದುದರಿಂದ ಈ ಕೆಲಸ ಮಾಡಿ ಪಳಗಿದ ಮೇಸ್ತ್ರಿಯನ್ನೇ ಹುಡುಕಿ, ಅವರು ಹಾಕಿದ, ಎರಡು ಮೂರು ವರ್ಷ ಬಳಕೆಯಾದ ನೆಲವೊಂದನ್ನು ಕಣ್ಣಾರೆ ನೋಡಿ ಬರುವುದು ಮೊದಲ ಹೆಜ್ಜೆ.

ನೆಲದ ಬಿರುಕುಗಳಲ್ಲಿ ಹಲವು ಹುಟ್ಟುವುದು ಅಡಿಯ ಮಣ್ಣು ಕುಸಿಯುವುದರಿಂದ. ತುಂಬಿಸಿದ ಮಣ್ಣಿಗೆ ನೀರು ಹಾಯಿಸಿ, ಪದರ ಪದರವಾಗಿ ದಮ್ಮಸು ಮಾಡಿಸಿ, ಅದರ ಮೇಲೆ ಸುಮಾರು 10 ಸೆಂ.ಮೀ. ದಪ್ಪದ ಜಲ್ಲಿ ಕಾಂಕ್ರೀಟು ಹಾಕಿಸಿ ಮೇಲ್ಮೈಯನ್ನು ಒರಟಾಗಿಯೇ ಬಿಡಬೇಕು. ಅದು ಗಟ್ಟಿಯಾದ ಬಳಿಕ ಧೂಳು ತೊಳೆದು, ತೆಳ್ಳಗೆ ಕಲಸಿದ ಸಿಮೆಂಟು ನೀರನ್ನು ಪೊರಕೆಯಿಂದ ಬಳಿದು, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯನ್ನು ಮಟ್ಟಗೋಲಿನಿಂದ ಎಳೆಯಬೇಕು. ದೊಡ್ಡ ಕೋಣೆಯಾದರೆ ಸುಮಾರು 1.2 ಮೀಟರಿಗೊಂದರಂತೆ 4 ಮಿ.ಮೀ. ಗಾಜಿನ ಪಟ್ಟಿಗಳನ್ನು ನಿಲ್ಲಿಸಿ ನೆಲವನ್ನು ಚೌಕಗಳಾಗಿ ವಿಂಗಡಿಸುವುದು ಒಳ್ಳೆಯದು. ಸಿಮೆಂಟು ಒಣಗಿ ಕುಗ್ಗುವಾಗ ಬಿರುಕು ಎಲ್ಲೆಂದರಲ್ಲಿ ಹರಿಯದೆ ಪಟ್ಟಿಯ ಗೆರೆಯಲ್ಲೇ ನಿಲ್ಲುತ್ತದೆ.

ಬಣ್ಣದ ವಿಷಯದಲ್ಲಿ ನಾನು ಸ್ವಲ್ಪ ಹಟ ಹಿಡಿಯುತ್ತೇನೆ. ಕೆಂಪು ಮತ್ತು ಕಪ್ಪಿಗೆ ಸಾಧಾರಣ ಸಿಮೆಂಟು ಸಾಕು. ಹಳದಿ, ಹಸಿರುಗಳಿಗೆ ಬಿಳಿ ಸಿಮೆಂಟು ಬೇಕು, ಇಲ್ಲವಾದರೆ ಬಣ್ಣ ಮಂಕಾಗುತ್ತದೆ. ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಆಕ್ಸೈಡು ಮೇಸ್ತ್ರಿಗಳಲ್ಲಿ ರೂಢಿಯಲ್ಲಿರುವ ಅಳತೆ. ಒಂದು ಕೋಣೆಗೆ ಬೇಕಾದಷ್ಟು ಸಿಮೆಂಟು ಮತ್ತು ಪುಡಿಯನ್ನು ಒಣದಾಗಿಯೇ ಒಟ್ಟಿಗೆ ಬೆರೆಸಿ, ಎರಡು ಮೂರು ಸಲ ಜರಡಿ ಹಿಡಿದು ಇಟ್ಟುಕೊಂಡು, ಆಗಾಗ ಬೇಕಾದಷ್ಟಕ್ಕೆ ಮಾತ್ರ ನೀರು ಸೇರಿಸಬೇಕು. ನಮ್ಮ ನಡುಮನೆಯಲ್ಲಿ ಪುಡಿ ಸಾಲದೆ ಮಧ್ಯಾಹ್ನ ಮತ್ತೊಮ್ಮೆ ಬೆರೆಸಿದ್ದರಿಂದ ಬಾಗಿಲ ಬಳಿಯ ಎರಡು ಚೌಕಗಳು ಇಂದಿಗೂ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಬೇರೆಯಾಗಿಯೇ ಕಾಣುತ್ತವೆ.

ಅಡಿಯ ಗಾರೆ ಇನ್ನೂ ಹಸಿಯಾಗಿದ್ದು, ಹೆಬ್ಬೆರಳಿನಿಂದ ಒತ್ತಿದರೆ ಗುರುತು ಮೂಡಿಯೂ ಬೆರಳಿಗೆ ಅಂಟದಿರುವ ಹದದಲ್ಲಿ ಬಣ್ಣದ ಪದರವನ್ನು ಸುಮಾರು 3 ಮಿ.ಮೀ. ದಪ್ಪಕ್ಕೆ ಹರಡಬೇಕು. ಹಲಗೆಯ ಮೇಲೆ ಕುಳಿತು, ಒಳಗೋಡೆಯಿಂದ ಬಾಗಿಲ ಕಡೆಗೆ ಹಿಂದೆ ಸರಿಯುತ್ತ, ಉಕ್ಕಿನ ಕರಣೆಯಿಂದ ಮತ್ತೆ ಮತ್ತೆ ಒತ್ತಿ ತೀಡಿದಾಗ ಹೊಳಪು ತಾನಾಗಿ ಬರುತ್ತದೆ. ಮೇಲೆ ನೀರು ತೇಲಿದರೆ ಅದು ಇಂಗುವ ತನಕ ಕಾಯಬೇಕೇ ಹೊರತು ಒಣ ಸಿಮೆಂಟು ಉದುರಿಸಿ ಹೀರಿಸಬಾರದು. ಹಾಗೆ ಮಾಡಿದಲ್ಲಿ ಕೂದಲೆಳೆಯಂಥ ಬಿರುಕುಗಳು ಬಲೆಯಂತೆ ಏಳುತ್ತವೆ. ಕೆಲಸದ ವೇಳೆ ಕಿಟಕಿ ಮುಚ್ಚಿ ಬಿಸಿಲು, ಗಾಳಿಗಳನ್ನು ತಡೆಯುವುದೂ ಅಷ್ಟೇ ಮುಖ್ಯ.

ಮರುದಿನದಿಂದ ನೀರು ಕಟ್ಟಬೇಕು. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456 ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿಯಂಥವು ಬೆರೆತ ಮಿಶ್ರ ಸಿಮೆಂಟಿಗೆ 10 ದಿನ ಎನ್ನುತ್ತದೆ. ಈ ತೆಳು ಪದರಕ್ಕೆ 14 ದಿನ ಕೊಡಿಸಿ ಎಂಬುದು ನನ್ನ ಸಲಹೆ. ಒದ್ದೆ ಗೋಣಿಚೀಲ ಹಾಸಿದರೆ ಅದರ ಬಣ್ಣವೂ ಗೆರೆಗಳೂ ನೆಲಕ್ಕೆ ಇಳಿಯುವುದರಿಂದ ಅಂಚಿಗೆ ಕಟ್ಟೆ ಕಟ್ಟಿ ತಿಳಿನೀರು ನಿಲ್ಲಿಸುವುದೇ ಮೇಲು. ನೀರು ತೆಗೆದಾಗ ಬಿಳಿ ಬೂದಿಯಂಥದ್ದು ಕಂಡರೆ ಗಾಬರಿಪಡಬೇಕಿಲ್ಲ. ಸಿಮೆಂಟಿನ ಸುಣ್ಣ ಮೇಲಕ್ಕೆ ಬಂದು ಗಾಳಿಗೆ ಬಿಳುಪಾದದ್ದು ಅದು. ದಿನವೂ ಒರೆಸುತ್ತ ಬಂದರೆ ಕ್ರಮೇಣ ಕಡಿಮೆಯಾಗುತ್ತದೆ. ತಿಂಗಳ ನಂತರ, ನೆಲ ಪೂರ್ಣ ಒಣಗಿದ ಮೇಲೆ, ಕೊಬ್ಬರಿ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ತೀರ ತೆಳುವಾಗಿ ಉಜ್ಜಬಹುದು, ಇಲ್ಲವೇ ನೆಲದ ಮೇಣ ಹಚ್ಚಬಹುದು. ಎಣ್ಣೆ ಹೆಚ್ಚಾದರೆ ಧೂಳು ಹಿಡಿದು ನೆಲ ಕಪ್ಪಾಗುತ್ತದೆ.

ದಿನನಿತ್ಯಕ್ಕೆ ಶುದ್ಧ ನೀರಿನಲ್ಲಿ ಹಿಂಡಿದ ಬಟ್ಟೆ ಸಾಕು. ಈ ನೆಲದ ಶತ್ರು ಹುಳಿ: ಅಡುಗೆಮನೆಯಲ್ಲಿ ಚೆಲ್ಲಿದ ಹುಣಸೆ ರಸ, ನಿಂಬೆಹಣ್ಣಿನ ಹನಿ, ಬಚ್ಚಲು ತೊಳೆಯುವ ಆಸಿಡ್ ಇವೆಲ್ಲ ಸಿಮೆಂಟನ್ನು ತಿಂದು ಮಾಸಿದ ಕಲೆ ಉಳಿಸುತ್ತವೆ, ಚೆಲ್ಲಿದ ತಕ್ಷಣ ನೀರಿನಿಂದ ಒರೆಸಬೇಕು. ಗ್ಯಾಸ್ ಸಿಲಿಂಡರಿನ ಕೆಳಗೆ ರಬ್ಬರ್ ಹಾಳೆ ಇಡದಿದ್ದರೆ ತುಕ್ಕಿನ ಉಂಗುರ ಅಲ್ಲೇ ಉಳಿದುಬಿಡುತ್ತದೆ.

ಜಗಲಿ ಮತ್ತು ಹೊರಗಿನ ಮೆಟ್ಟಿಲುಗಳಿಗೆ ಒಳಗಿನಷ್ಟು ನುಣುಪು ಬೇಡ, ಮಳೆಯಲ್ಲಿ ಕಾಲು ಜಾರುತ್ತದೆ. ಹಸಿಯಿರುವಾಗಲೇ ಬಿಗಿಯಾಗಿ ಹಿಡಿದ ಹುರಿಯನ್ನು ಒತ್ತಿ ಗೆರೆ ಮೂಡಿಸಿದರೆ ಹಿಡಿತವೂ ಬರುತ್ತದೆ, ಚೆಂದವೂ ಕಾಣುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಪಾಚಿ ಕಟ್ಟಿದಾಗ ಕಡ್ಡಿಪೊರಕೆಯಿಂದ ಉಜ್ಜಿ ತೊಳೆಯಿರಿ. ತಂತಿ ಬ್ರಷ್ ಬಳಸಿದರೆ ಮೇಲಿನ ಹೊಳಪಿನ ಪದರವೇ ಕಿತ್ತುಬರುತ್ತದೆ. ಮುಂದೆಂದಾದರೂ ಮೂಲೆ ಕಿತ್ತರೆ ತೇಪೆಗೆ ಬೇಕಾಗುವುದರಿಂದ ಕೆಲಸದ ದಿನದ ಆಕ್ಸೈಡ್ ಪುಡಿಯಲ್ಲಿ ಒಂದು ಕಿಲೋ ಡಬ್ಬಿಯಲ್ಲಿ ಮುಚ್ಚಿ, ಬೆರೆಸಿದ ಅಳತೆಯನ್ನು ಅದರ ಮೇಲೆ ಬರೆದಿಡಿ.