ಕಂಪ್ಯೂಟರ್ ಮುಚ್ಚಿಸಿ ಮೊದಲು ಪ್ರಶ್ನೆ ಕೇಳಿದೆ

ಕಲಬುರಗಿ ಕಡೆಯ ಹುಡುಗಿಯೊಬ್ಬಳು ಹೋದ ತಿಂಗಳು ಫೋನ್ ಮಾಡಿದಳು. ಪಿಎಚ್‌ಡಿ ವೈವಾ ಮುಗಿಸಿ ಆಗಷ್ಟೇ ಹೊರಗೆ ಬಂದಿದ್ದಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್‌ನ ಎರಡು ಸುತ್ತುಗಳನ್ನು ಹೋಲಿಸಿ, ಮಕ್ಕಳ ಕುಂಠಿತ ಬೆಳವಣಿಗೆ (ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದು) ಮೇಲೆ ಬರೆದ ಪ್ರಬಂಧ ಅವಳದು. ಹೊರಗಿನಿಂದ ಬಂದ ಪರೀಕ್ಷಕರು ಮುಕ್ಕಾಲು ಗಂಟೆ ಡೇಟಾ ಬಗ್ಗೆಯೇ ಕೇಳಿದರಂತೆ. "ಒಂದಕ್ಕೂ ತಡವರಿಸಲಿಲ್ಲ ಅಕ್ಕಾ" ಅಂದಳು. ನನಗೆ ಕಣ್ಣು ತುಂಬಿ ಬಂತು. ನಾನು ಅವಳಿಗೆ ಕಲಿಸಿದ ಕ್ರಮವನ್ನು ನೋಡಿ "ಇದೆಲ್ಲ ಆಗೋ ಕೆಲಸ ಅಲ್ಲ" ಅಂದವರು ಒಬ್ಬಿಬ್ಬರಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಡೊಂಬಿವಲಿಯಲ್ಲಿ. ಕೆಲಸ ಚೆಂಬೂರಿನ ಒಂದು ಸಣ್ಣ ಕೋಣೆಯಲ್ಲಿ. ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನ್ ಹಿಡಿದರೆ ಆಯಿತು. ಈ ಸರ್ವೇ ನಡೆಸುವ ಜನಸಂಖ್ಯಾ ಅಧ್ಯಯನ ಸಂಸ್ಥೆ ಐಐಪಿಎಸ್ ಇರುವುದು ಪಕ್ಕದ ಡಿಯೋನಾರ್‌ನಲ್ಲಿ. ಹಾಗಾಗಿ ಈ ಭಾಗದಲ್ಲಿ ಡೇಟಾ ಹಿಡಿದು ಒದ್ದಾಡುವ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಮೊದಲು ಒಂದು ಸಂಶೋಧನಾ ಯೋಜನೆಯಲ್ಲಿ ಡೇಟಾದಿಂದ ಅಂಕಿಗಳ ಟೇಬಲ್ ಮಾಡಿಕೊಡುವ ಕೆಲಸದಲ್ಲಿದ್ದೆ. ಯೋಜನೆ ಮುಗಿದ ಮೇಲೆ ಸ್ವಂತವಾಗಿ ಶುರು ಮಾಡಿದೆ. ಧಾರವಾಡ, ಕಲಬುರಗಿ, ವಿಜಯಪುರ ಕಡೆಯಿಂದ ಇಲ್ಲಿ ಓದಲು ಬಂದ ಮಕ್ಕಳು ಕನ್ನಡದಲ್ಲಿ ಹೇಳಿಕೊಡುವವರು ಇದ್ದಾರೆ ಅಂತ ಕೇಳಿ ಬರತೊಡಗಿದರು.

ಮೊದಲ ಎರಡು ವರ್ಷ ನಾನೂ ಎಲ್ಲರ ಹಾಗೇ ಮಾಡಿದೆ. ಅವರು ಬೇಕಾದದ್ದು ಹೇಳುವುದು, ನಾನು ಟೇಬಲ್ ಓಡಿಸಿ ಕಳಿಸುವುದು. ಒಂದು ಟೇಬಲ್‌ಗೆ 500 ರೂಪಾಯಿ. ಬೇಗ ಮುಗಿಯುತ್ತಿತ್ತು, ಆದರೆ ಅಷ್ಟೇ ಬೇಗ ತಿರುಗಿ ಬರುತ್ತಿತ್ತು. ಗೈಡ್ ಏನೋ ಕೇಳುತ್ತಾರೆ, ವಿದ್ಯಾರ್ಥಿಗೆ ಉತ್ತರ ಗೊತ್ತಿಲ್ಲ, ಮತ್ತೆ ನನಗೆ ಫೋನ್. ಒಂದೇ ಟೇಬಲ್ ಏಳೆಂಟು ಸಲ ಮಾಡಿದ್ದೂ ಇದೆ. ಲೆಕ್ಕ ಹಾಕಿದರೆ ಗಂಟೆಗೆ 40 ರೂಪಾಯಿಯೂ ಬೀಳುತ್ತಿರಲಿಲ್ಲ.

ಆಮೇಲೆ ಒಂದು ದೊಡ್ಡ ತಪ್ಪಾಯಿತು. ಎನ್‌ಎಫ್‌ಎಚ್‌ಎಸ್-4ರ ಕೌಟುಂಬಿಕ ದೌರ್ಜನ್ಯದ ಭಾಗ. ಆ ಪ್ರಶ್ನೆಗಳನ್ನು ಎಲ್ಲ ಮನೆಗಳಲ್ಲೂ ಕೇಳಿಲ್ಲ, ಶೇ. 15ರಷ್ಟು ಮನೆಗಳ ಉಪಮಾದರಿಯಲ್ಲಿ, ಒಂದು ಮನೆಗೆ ಒಬ್ಬ ಹೆಂಗಸಿಗೆ ಮಾತ್ರ ಕೇಳಿದ್ದಾರೆ. ಅದಕ್ಕೆ ಡಿ005 ಅಂತ ಬೇರೆಯೇ ವೆಯ್ಟ್ ಇದೆ; ವೆಯ್ಟ್ ಅಂದರೆ ಒಬ್ಬರ ಉತ್ತರಕ್ಕೆ ಲೆಕ್ಕದಲ್ಲಿ ಎಷ್ಟು ತೂಕ ಅಂತ ಹೇಳುವ ಅಂಕಿ. ನಾನು ಅವಸರದಲ್ಲಿ ಮಾಮೂಲಿ ವಿ005 ಹಾಕಿ ಓಡಿಸಿಬಿಟ್ಟೆ. ಆ ಟೇಬಲ್ ಮಾಡಿಸಿದ್ದ ಸಂಶೋಧಕಿ ಅದನ್ನು ಸಂಶೋಧನಾ ಪತ್ರಿಕೆಗೆ ಕಳಿಸಿದರು. ವಿಮರ್ಶಕರು ಒಂದೇ ಸಾಲಿನಲ್ಲಿ ಹಿಡಿದರು. ರಾಜ್ಯವಾರು ಅಂಕಿಗಳೆಲ್ಲ ಮತ್ತೆ ಮಾಡಬೇಕಾಯಿತು. ತೆಗೆದುಕೊಂಡಿದ್ದ 18,000 ರೂಪಾಯಿ ವಾಪಸ್ ಕೊಟ್ಟೆ. ದುಡ್ಡಿಗಿಂತ ಜಾಸ್ತಿ ನೋವಾದದ್ದು ಬೇರೆ ವಿಷಯಕ್ಕೆ. ಆ ಪ್ರಶ್ನೆಗಳನ್ನು ಕೇಳಬೇಕಾದರೆ ಸುತ್ತ ಯಾರೂ ಇರಬಾರದು, ಯಾರಾದರೂ ಬಂದರೆ ನಿಲ್ಲಿಸಬೇಕು ಅಂತ ಪ್ರಶ್ನಾವಳಿಯಲ್ಲೇ ಬರೆದಿದೆ. ಅಷ್ಟು ಜೋಪಾನವಾಗಿ ಒಬ್ಬ ಹೆಂಗಸು ಹೇಳಿದ ಮಾತನ್ನು ನಾನು ಪ್ರಶ್ನಾವಳಿ ಓದದೆ ಲೆಕ್ಕ ಹಾಕಿದ್ದೆ.

ಅವತ್ತು ರಾತ್ರಿ ಪ್ರಶ್ನಾವಳಿಯನ್ನು ಮೊದಲಿನಿಂದ ಕೊನೆವರೆಗೂ ಓದಿದೆ. ಓದುತ್ತಾ ನನ್ನ ಮನೆಯ ಉತ್ತರಗಳನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಾ ಹೋದೆ. ನೆಲ ಯಾವುದರದ್ದು, ಗೋಡೆ ಯಾವುದರದ್ದು, ಕುಕ್ಕರ್ ಇದೆಯಾ, ಕುರ್ಚಿ ಇದೆಯಾ, ಹೊಲಿಗೆ ಯಂತ್ರ ಇದೆಯಾ. ಬೆಳಗಾಗುವಷ್ಟರಲ್ಲಿ ವರ್ಷಗಟ್ಟಲೆ ಕಾಡಿದ ಹತ್ತು ಹದಿನೈದು ಸಂಶಯ ತಾನಾಗಿ ಬಿಚ್ಚಿಕೊಂಡಿದ್ದವು. ನನಗೇ ಹೀಗಾದರೆ ಬರುವ ಮಕ್ಕಳಿಗೆ ಯಾಕೆ ಆಗಬಾರದು ಅಂದುಕೊಂಡೆ.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಈಗ ಬಂದವರಿಗೆ ಮೊದಲ ಎರಡು ದಿನ ಲ್ಯಾಪ್‌ಟಾಪ್ ತೆಗೆಯಲು ಬಿಡುವುದಿಲ್ಲ. ವರದಿಯ ಹಿಂದೆ ಅಚ್ಚಾಗಿರುವ ಇಂಗ್ಲಿಷ್ ಪ್ರಶ್ನಾವಳಿ ಹಿಡಿದು ನಾನು ಕನ್ನಡದಲ್ಲಿ ಕೇಳುತ್ತೇನೆ. ಅವರು ತಮ್ಮ ಊರಿನ ಮನೆಯನ್ನು ನೆನೆಸಿಕೊಂಡು ಉತ್ತರ ಹೇಳಬೇಕು. ದೌರ್ಜನ್ಯದ ಭಾಗವನ್ನು ಮಾತ್ರ ಕೇಳುವುದಿಲ್ಲ, ಕೈಗೆ ಕೊಟ್ಟು ಮೌನವಾಗಿ ಓದಿಸುತ್ತೇನೆ. ಮೂರನೇ ದಿನ ಕಂಪ್ಯೂಟರ್. ಆಗಲೂ ಅವರ ವಿಷಯಕ್ಕೆ ಕೈ ಹಾಕುವಂತಿಲ್ಲ. ಅಚ್ಚಾದ ವರದಿಯಲ್ಲಿರುವ ಅಂಕಿ ನಾವು ಓಡಿಸಿದಾಗ ದಶಮಾಂಶದವರೆಗೂ ಹಾಗೇ ಬರಬೇಕು. ಬಂದ ಮೇಲೆ ಮಾತ್ರ ಮುಂದಕ್ಕೆ.

ಇದನ್ನು ಕೇಳಿ ಪರಿಚಯದ ಪ್ರಾಧ್ಯಾಪಕರೊಬ್ಬರು "ಅವರಿಗೆ ಡು-ಫೈಲ್ ಕೊಟ್ಟರೆ ಸಾಕು, ಈ ನಾಟಕ ಯಾಕೆ?" ಅಂದರು. ಡು-ಫೈಲ್ ಅಂದರೆ ಸ್ಟಾಟಾ ಅನ್ನುವ ಸಾಫ್ಟ್‌ವೇರಿಗೆ ಮೊದಲೇ ಬರೆದಿಟ್ಟ ಆಜ್ಞೆಗಳು. ಇದೇ ಕೆಲಸ ಮಾಡುವ ಗೆಳತಿ ಎರಡು ದಿನದಲ್ಲಿ ಟೇಬಲ್ ಕೊಟ್ಟು ಕಳಿಸುತ್ತಿದ್ದಳು. ನನ್ನ ಹತ್ತಿರ ಹದಿನೈದು ದಿನ. ಯಾರು ಬರುತ್ತಾರೆ? ಮೊದಲ ವರ್ಷ ಬಂದವರು ಒಂಬತ್ತು ಜನ. ಪೂರ್ತಿ ಕೆಲಸಕ್ಕೆ ತಲಾ 12,000. ಕೋಣೆ ಬಾಡಿಗೆಯೇ ತಿಂಗಳಿಗೆ 9,000 ಇತ್ತು. ಮನೆ ನಡೆದದ್ದು ನನ್ನ ಗಂಡನ ಸಂಬಳದಲ್ಲಿ. ಅವರು ಒಂದು ದಿನವೂ ಬಿಡು ಅನ್ನಲಿಲ್ಲ.

ಕಲಬುರಗಿ ಹುಡುಗಿಯ ಕತೆಯನ್ನೇ ಹೇಳುತ್ತೇನೆ. ಮೊದಲ ದಿನ ಮನೆಯವರ ಪಟ್ಟಿ ಬರೆಸುತ್ತಿದ್ದೆ. ಮಾಮೂಲಾಗಿ ಇಲ್ಲಿ ಇರುವವರು ಯಾರು, ನಿನ್ನೆ ರಾತ್ರಿ ಇಲ್ಲಿ ಮಲಗಿದ್ದವರು ಯಾರು. ಎರಡೂ ಬೇರೆ ಬೇರೆ ಕಾಲಂ. ಅವಳು ಅಪ್ಪ, ಅಮ್ಮ, ತಮ್ಮ ಅಂತ ಹೇಳಿ ನಿಲ್ಲಿಸಿದಳು. ಆಮೇಲೆ "ಅಕ್ಕ ಬಾಣಂತನಕ್ಕೆ ಬಂದಾಳ್ರೀ, ದೊಡ್ಡ ಕೂಸೂ ಜೊತೀಗಿ ಐತಿ. ಅವರನ್ನ ಬರೀಬೇಕಾ?" ಅಂದಳು. ಬರೆಯಬೇಕು ಅಂದೆ. ಮಾಮೂಲಾಗಿ ಇರುವುದು ಇಲ್ಲ, ನಿನ್ನೆ ರಾತ್ರಿ ಮಲಗಿದ್ದು ಹೌದು. ಅವಳು ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. "ಹಂಗಾದ್ರ ಅಕ್ಕನ ಗಂಡನ ಮನ್ಯಾಗ ಪಾಯಖಾನೆ ಇಲ್ಲ, ನಮ್ಮಲ್ಲಿ ಐತಿ. ಕೂಸಿನ ಮುಂದ ನಮ್ಮ ಪಾಯಖಾನೆ ಬರ್ತದಲ್ರೀ?"

ಬರುತ್ತದೆ. ಅದೇ ವಿಷಯ. ಹಿಂದಿನ ರಾತ್ರಿ ಆ ಮನೆಯಲ್ಲಿ ಮಲಗಿದ್ದ ಹೆಂಗಸರನ್ನೇ ಸಂದರ್ಶಿಸುತ್ತಾರೆ, ಮಕ್ಕಳ ಎತ್ತರ ತೂಕದ ಅಂಕಿಯೂ ಹಾಗೇ. ತವರಿಗೆ ಬಂದ ಬಾಣಂತಿಯ ಎದುರು ತವರಿನ ನೆಲ, ತವರಿನ ನಲ್ಲಿ, ತವರಿನ ಗ್ಯಾಸ್ ಒಲೆ ಕೂತುಬಿಡುತ್ತವೆ. ನಮ್ಮ ಕಡೆ ಎಳೆ ಕೂಸು ಇರುವ ಎಷ್ಟೋ ಹೆಂಗಸರು ತವರಿನಲ್ಲೇ ಇರುತ್ತಾರಲ್ವಾ? ಈ ಮಾತನ್ನು ನಾನು ಪಾಠ ಮಾಡಿ ಹೇಳಿದ್ದರೆ ಅವಳು ಬರೆದುಕೊಂಡು ಮರೆತುಬಿಡುತ್ತಿದ್ದಳು.

ಮೂರನೇ ದಿನ ಅದರ ಫಲ ಸಿಕ್ಕಿತು. ಎನ್‌ಎಫ್‌ಎಚ್‌ಎಸ್-4ರಲ್ಲಿ ಕರ್ನಾಟಕದ ಕುಂಠಿತ ಬೆಳವಣಿಗೆ ಶೇ. 36.2. ಐದರಲ್ಲಿ 35.4. ಅವಳು ಓಡಿಸಿದರೆ ಅರ್ಧ ಅಂಕ ಆಚೆ ಈಚೆ. ವೆಯ್ಟ್ ಸರಿ ಇದೆ, ಅಳತೆ ಸರಿಯಿಲ್ಲದ ಮಕ್ಕಳಿಗೆ ಹಾಕಿದ 9996, 9998 ಕೋಡ್‌ಗಳನ್ನು ತೆಗೆದಿದ್ದಾಳೆ. ಮೊದಲು ಕೆಆರ್ ಫೈಲ್ ಹಿಡಿದಿದ್ದಳು. ಅದರಲ್ಲಿ ಸಂದರ್ಶನ ಕೊಟ್ಟ ತಾಯಂದಿರ ಮಕ್ಕಳು ಮಾತ್ರ ಸಿಗುತ್ತಾರೆ. ಮನೆಯ ಎಲ್ಲರೂ ಇರುವ ಪಿಆರ್ ಫೈಲಿಗೆ ಬಾ ಅಂದೆ. ಬಂದಳು. ಆದರೂ ಕೂಡಲಿಲ್ಲ. ನನಗೆ ಉತ್ತರ ಗೊತ್ತಿತ್ತು, ಬೇಕೆಂದೇ ಹೇಳಲಿಲ್ಲ. ಮಧ್ಯಾಹ್ನ ಊಟ ಮಾಡುತ್ತಾ ಇದ್ದಕ್ಕಿದ್ದಂತೆ "ನಿನ್ನೆ ರಾತ್ರಿ!" ಅಂತ ಎದ್ದಳು. ಕೈ ತೊಳೆದು ಎಚ್‌ವಿ103, ಅಂದರೆ ನಿನ್ನೆ ರಾತ್ರಿ ಇಲ್ಲಿ ಮಲಗಿದ್ದರಾ ಅನ್ನುವ ಕಾಲಂ, ಒಂದಕ್ಕೆ ಸಮ ಅಂತ ಹಾಕಿ ಓಡಿಸಿದಳು. 36.2 ಬಂತು. ಆ ಮುಖ ನೋಡಬೇಕಿತ್ತು.

ಹಳೆ ಸುತ್ತುಗಳಿಗೆ ಹೋದರೆ ಮೋಸ ಹೋಗುವ ಜಾಗ ಇನ್ನೂ ಜಾಸ್ತಿ. 1992-93, 1998-99, 2005-06, 2015-16, 2019-21. ಈ ಐದು ಸುತ್ತಿಗೆ ಐದು ಚುಕ್ಕಿ ಇಟ್ಟು ಗೆರೆ ಎಳೆಯುವವರು ತುಂಬ ಜನ. ಮೊದಲ ಸುತ್ತಿನಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳನ್ನು ಅಳೆದರು, ಎರಡನೆಯದರಲ್ಲಿ ಮೂರು ವರ್ಷದೊಳಗಿನವರನ್ನು, ಮೂರರಿಂದ ಮುಂದೆ ಐದು ವರ್ಷದೊಳಗಿನವರನ್ನು. ಮೊದಲ ಸುತ್ತಿನಲ್ಲಿ ಆಂಧ್ರ, ತಮಿಳುನಾಡು ಸೇರಿ ಐದು ರಾಜ್ಯಗಳಲ್ಲಿ ಎತ್ತರ ಅಳೆಯಲೇ ಇಲ್ಲ. ಮೊದಲ ಎರಡು ಸುತ್ತುಗಳಲ್ಲಿ ಮದುವೆಯಾದ ಹೆಂಗಸರನ್ನು ಮಾತ್ರ ಕೇಳಿದ್ದು. ಮೂರನೆಯದರಿಂದ ಮದುವೆಯಾಗದವರೂ ಸೇರಿದರು. ಇದನ್ನು ಸರಿಮಾಡದೆ ಎಳೆದ ಗೆರೆಗೆ ಅರ್ಥವಿಲ್ಲ.

ವೆಲ್ತ್ ಇಂಡೆಕ್ಸ್, ಅಂದರೆ ಮನೆ ಮತ್ತು ಅದರಲ್ಲಿರುವ ವಸ್ತು ನೋಡಿ ಸ್ಥಿತಿವಂತಿಕೆ ಅಳೆಯುವ ಸೂಚಿ, ಅದರ ಬಗ್ಗೆ ಒಂದು ಮಾತು. ಒಬ್ಬ ಹುಡುಗ "ಕಡುಬಡವರ ಪ್ರಮಾಣ ಹತ್ತು ವರ್ಷದಲ್ಲಿ ಶೇ. 20ರಲ್ಲೇ ನಿಂತಿದೆ" ಅಂತ ಇಡೀ ಅಧ್ಯಾಯ ಬರೆದುಕೊಂಡು ಬಂದಿದ್ದ. ಪ್ರತಿ ಸುತ್ತಿನಲ್ಲೂ ದೇಶದ ಜನರನ್ನು ಐದು ಸಮಪಾಲು ಮಾಡಿಯೇ ಆ ಗುಂಪು ಕಟ್ಟುವುದು, 20 ಬಿಟ್ಟು ಬೇರೆ ಬರುವುದು ಹೇಗೆ? ಪಾಪ, ಆರು ತಿಂಗಳ ಶ್ರಮ. ಅಧ್ಯಾಯ ಬಿಡಿಸಿದೆ. ಫ್ಯಾನ್, ಟಿವಿ, ಕುಕ್ಕರ್ ಅಂತ ಒಂದೊಂದೇ ವಸ್ತು ಹಿಡಿದು ಮಾಡಿಸಿದೆ. ಇನ್ನೊಬ್ಬರಿಗೆ ಬೇರೆ ಯಾರೋ ನಾಲ್ಕನೇ ಸುತ್ತು ಮತ್ತು ಐದನೇ ಸುತ್ತನ್ನು ಕ್ಲಸ್ಟರ್ (ಸರ್ವೇಗೆ ಆರಿಸಿದ ಊರು ಅಥವಾ ಬಡಾವಣೆ) ನಂಬರ್ ಹಿಡಿದು ಮರ್ಜ್ ಮಾಡಿಕೊಟ್ಟಿದ್ದರು, ಅದೇ ಮನೆಗಳಿಗೆ ಮತ್ತೆ ಹೋದ ಹಾಗೆ. ಎನ್‌ಎಫ್‌ಎಚ್‌ಎಸ್ ಪ್ಯಾನೆಲ್ ಅಲ್ಲ, ಪ್ರತಿ ಸಲ ಹೊಸ ಮನೆ. ಅವರಿಗೆ 35,000 ರೂಪಾಯಿ ಹೋಗಿತ್ತು.

ಜಿಲ್ಲೆಗಳ ಗಂಟು ಬಿಡಿಸಲು ನನಗೇ ಎರಡು ತಿಂಗಳು ಹಿಡಿಯಿತು. ನಾಲ್ಕನೇ ಸುತ್ತಿನಲ್ಲಿ 640 ಜಿಲ್ಲೆ, ಐದರಲ್ಲಿ 707. ನಮ್ಮ ಪಾಲ್ಘರ್ 2014ರಲ್ಲಿ ಠಾಣೆಯಿಂದ ಬೇರೆಯಾಯಿತು. ಆದರೆ ನಾಲ್ಕನೇ ಸುತ್ತು 2011ರ ಜನಗಣತಿಯ ಜಿಲ್ಲೆಗಳನ್ನೇ ಇಟ್ಟುಕೊಂಡದ್ದರಿಂದ ಅಲ್ಲಿ ಪಾಲ್ಘರ್ ಇನ್ನೂ ಠಾಣೆಯೊಳಗೇ ಇದೆ. ಹಾಗೇ ಹೋಲಿಸಿದರೆ ಠಾಣೆ ಏಕಾಏಕಿ ಸುಧಾರಿಸಿದಂತೆ ಕಾಣಬಹುದು. ಜವ್ಹಾರ್, ಮೊಖಾಡದ ಆದಿವಾಸಿ ಊರುಗಳು ಆ ಲೆಕ್ಕದಿಂದ ಹೊರಗೆ ಹೋಗಿವೆ, ಅಷ್ಟೇ. ತೆಲಂಗಾಣದ್ದು ಇನ್ನೂ ಕಷ್ಟ, ಅಲ್ಲಿಯ 10 ಜಿಲ್ಲೆ ಐದನೇ ಸುತ್ತಿನಲ್ಲಿ 31 ಆಗಿದೆ. ಎಲ್ಲ ಜಿಲ್ಲೆಗಳಿಗೂ ಒಂದು ಜೋಡಿಪಟ್ಟಿ ಮಾಡಿಟ್ಟಿದ್ದೇನೆ. ಇಷ್ಟು ಪೂರ್ತಿಯಾದ ಪಟ್ಟಿ ನಾನು ಬೇರೆಲ್ಲೂ ನೋಡಿಲ್ಲ. ಅದನ್ನು ನನ್ನ ಹತ್ತಿರ ಬಂದು ಕೂತವರಿಗೆ ಮಾತ್ರ ಕೊಡುತ್ತೇನೆ.

ಸುತ್ತುಗಳನ್ನು ಒಟ್ಟು ಸೇರಿಸುವಾಗ ವೆಯ್ಟ್ ಸರಿದೂಗಿಸುವ ಕ್ರಮವನ್ನೂ ಇಲ್ಲಿ ಬರೆಯುವುದಿಲ್ಲ. ಮೂರನೇ ಸುತ್ತಿನಲ್ಲಿ 1.24 ಲಕ್ಷ ಹೆಂಗಸರು, ನಾಲ್ಕರಲ್ಲಿ ಸುಮಾರು 7 ಲಕ್ಷ. ಹಾಗೇ ಸೇರಿಸಿದರೆ ನಾಲ್ಕು ಮೂರನ್ನು ನುಂಗಿಬಿಡುತ್ತದೆ. ಸುಳಿವು ಅಷ್ಟು ಸಾಕು, ಬಲ್ಲವರಿಗೆ ದಾರಿ ಸಿಗುತ್ತದೆ.

ನಡುವೆ ನನ್ನದೇ ಎರಡು ಪ್ರಯೋಗ ಮಾಡಿದೆ. ಒಂದು ಕೆಟ್ಟಿತು. ನಾಲ್ಕನೇ ಸುತ್ತಿನಿಂದ ಕ್ಲಸ್ಟರ್‌ಗಳ ಜಿಪಿಎಸ್ ಸಿಗುತ್ತದಲ್ಲ, ಮುಂಬೈಯ ಕೊಳೆಗೇರಿಗಳಿಂದ ಹೆರಿಗೆ ಆಸ್ಪತ್ರೆಗೆ ದೂರ ಎಷ್ಟು ಅಂತ ನೋಡಲು ಹೊರಟೆ. ಗುರುತು ಸಿಗಬಾರದು ಅಂತ ನಗರದ ಕ್ಲಸ್ಟರ್‌ಗಳನ್ನು 2 ಕಿಲೋಮೀಟರ್‌ವರೆಗೆ, ಹಳ್ಳಿಯದನ್ನು ಹೆಚ್ಚಾಗಿ 5 ಕಿಲೋಮೀಟರ್‌ವರೆಗೆ ಸರಿಸಿರುತ್ತಾರೆ. ಹಳ್ಳಿ ಕಡೆ ಅದು ಹೇಗೋ ನಡೆಯುತ್ತದೆ. ಮುಂಬೈಯಲ್ಲಿ 2 ಕಿಲೋಮೀಟರ್ ಅಂದರೆ ಗೋವಂಡಿಯ ಚಾಳಿನ ಚುಕ್ಕಿ ಚೆಂಬೂರಿನ ಬಂಗಲೆ ಮೇಲೆ ಬಂದು ಕೂರಬಹುದು. ಮೂರು ವಾರ ದುಡಿದು ಕೈಬಿಟ್ಟೆ.

ಇನ್ನೊಂದು ಈಗಲೂ ನಡೆದಿದೆ. ಐದು ವರ್ಷದೊಳಗಿನ ಮಗು ಅಂದರೆ ಲಸಿಕೆ, ಭೇದಿ, ಎದೆಹಾಲು ಅಂತ ಉದ್ದನೆಯ ಪ್ರಶ್ನೆಗಳು. ಸಂದರ್ಶಕರು ಮಗುವಿನ ವಯಸ್ಸನ್ನು ಸ್ವಲ್ಪ ಮುಂದೆ ತಳ್ಳಿ ಐದು ದಾಟಿಸಿಬಿಟ್ಟರೆ ಅವನ್ನೆಲ್ಲ ಕೇಳುವ ಕೆಲಸ ತಪ್ಪುತ್ತದೆ. ಇಂಥ ಸರ್ವೇಗಳಲ್ಲಿ ಇದು ಗೊತ್ತಿರುವ ತೊಂದರೆ. ಸಂದರ್ಶಕರ ಕೋಡ್ ಹಿಡಿದು, ಆ ಗಡಿಯ ಆಚೆ ಈಚೆ ಹುಟ್ಟಿದ ಮಕ್ಕಳನ್ನು ಎಣಿಸುತ್ತಿದ್ದೇನೆ. ಬಿಸಿಲಲ್ಲಿ ದಿನವಿಡೀ ಮನೆ ಮನೆ ತಿರುಗುವ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲಿ ಎಷ್ಟು ಜಾರಿದೆ ಅಂತ ಗೊತ್ತಿದ್ದರೆ ಸಾಕು.

ಮಷಿನ್ ವಿಷಯ ಬೇಗ ಮುಗಿಸುತ್ತೇನೆ. ಹೆಂಗಸರ ಸಂದರ್ಶನಗಳಿರುವ ಐಆರ್ ಫೈಲ್ ಪೂರ್ತಿ ತೆರೆಯಲು ಹೋಗಬೇಡಿ, ನನ್ನ 8 ಜಿಬಿ ಲ್ಯಾಪ್‌ಟಾಪ್ ಎರಡು ಸಲ ಕೂತುಹೋಯಿತು. ಬೇಕಾದ ಕಾಲಂ ಮಾತ್ರ ಎತ್ತಿಕೊಳ್ಳಿ. ಸ್ಟಾಟಾ ಲೈಸೆನ್ಸ್ ಹೊರೆಯಾಗಿ ಆರ್ ಅನ್ನುವ ಸಾಫ್ಟ್‌ವೇರಿಗೆ ಬಂದೆ. ಸರ್ವೇ ಪ್ಯಾಕೇಜ್ ಪುಕ್ಕಟೆ, ಉತ್ತರ ಒಂದೇ.

2025ರ ಶುರುವಿನಲ್ಲಿ ಅಮೆರಿಕದ ನೆರವು ನಿಂತು ಈ ಡೇಟಾ ಹಂಚುವ ಡಿಎಚ್‌ಎಸ್ ಕಾರ್ಯಕ್ರಮ ಸ್ಥಗಿತವಾದಾಗ ಡೇಟಾ ಕೇಳಿದ್ದ ಹೊಸಬರ ಅರ್ಜಿಗಳು ಅಲ್ಲೇ ನಿಂತವು. ನನ್ನ ಇಬ್ಬರು ವಿದ್ಯಾರ್ಥಿಗಳು ಸಿಕ್ಕಿಹಾಕಿಕೊಂಡರು. ಫೈಲ್ ನನ್ನ ಹತ್ತಿರ ಇತ್ತು. ಇನ್ನೊಬ್ಬರಿಗೆ ದಾಟಿಸುವುದಿಲ್ಲ ಅಂತ ಒಪ್ಪಿ ಪಡೆದದ್ದು, ಹಾಗಾಗಿ ಕೊಡಲಿಲ್ಲ. ಬೇಜಾರು ಮಾಡಿಕೊಂಡರು. ಆ ದಿನಗಳಲ್ಲಿ ಪ್ರಶ್ನಾವಳಿ, ಅಚ್ಚಾದ ವರದಿ ಎರಡನ್ನೇ ಹಿಡಿದು ಕೂತೆವು. ಖಾಲಿ ಟೇಬಲ್‌ಗಳನ್ನು ಕೈಯಲ್ಲಿ ಬರೆದಿಟ್ಟರು. ಡೇಟಾ ಕೈಗೆ ಬಂದ ಮೇಲೆ ನಾಲ್ಕೇ ದಿನದಲ್ಲಿ ತುಂಬಿಸಿದರು.

ಇಲ್ಲಿವರೆಗೆ ಸುಮಾರು 60 ಜನ ಬಂದು ಹೋಗಿದ್ದಾರೆ. ನಲವತ್ತರ ಮೇಲೆ ಪ್ರಬಂಧ ಮುಗಿದಿವೆ. ವೆಯ್ಟ್ ತಪ್ಪು ಅಂತ ಒಂದೂ ತಿರುಗಿ ಬಂದಿಲ್ಲ. ನಾಟಕ ಯಾಕೆ ಅಂದ ಪ್ರಾಧ್ಯಾಪಕರು ಈಗ ತಮ್ಮ ವಿದ್ಯಾರ್ಥಿಗಳನ್ನು ಇಲ್ಲಿಗೇ ಕಳಿಸುತ್ತಾರೆ. ಹೋದ ವರ್ಷ ಬಾಡಿಗೆ ಕಳೆದು ನಾಲ್ಕು ಲಕ್ಷದ ಹತ್ತಿರ ಉಳಿಯಿತು.

ಸೋಮವಾರ ಧಾರವಾಡದ ಹುಡುಗ ಬರುತ್ತಿದ್ದಾನೆ. ಒಂದೇ ಸೂರಿನ ಕೆಳಗೆ ಅಜ್ಜ, ಇಬ್ಬರು ದೊಡ್ಡಪ್ಪಂದಿರು, ಎಲ್ಲ ಸೇರಿ ಹದಿನೇಳು ಜನರ ಮನೆಯಂತೆ. ಅವನಿಗೆ ಮೊದಲು ಕೇಳುವುದು ಒಲೆ ಎಷ್ಟು ಅಂತ. ಒಂದೇ ಒಲೆಯಾದರೆ ಸರ್ವೇ ಲೆಕ್ಕದಲ್ಲಿ ಒಂದು ಮನೆ, ಅಡುಗೆ ಬೇರೆ ಬೇರೆಯಾದರೆ ಮೂರು. ಪ್ರಶ್ನಾವಳಿ ಮೂರು ಸೆಟ್ ಅಚ್ಚು ಹಾಕಿಸಿಟ್ಟಿದ್ದೇನೆ.